ಕೇಳತಕ್ಕದ್ದು... ನೋಡತಕ್ಕದ್ದು!

"ಓದಿ ಕಾರ್ಯದರ್ಶಿಗಳೇ! ಮೂರು ವರ್ಷದ ಹಿಂದೆ ತಲೆ ತಗ್ಗಿಸ್ಕೊಂಡು ಬರೆದ್ರಲ್ಲ, ಇವತ್ತು ತಲೆ ಎತ್ತಿ ಓದಿ!"

ಸರ್ವಮಂಗಳ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು. ನಿಂಗರಾಜು ತಲೆ ಎತ್ತಿದ.

ಅಯ್ಯೋ... ಅದೇ ಕಣ್ಣುಗಳು! 'ಥೂ, ಹಾಳು ಮನಸ್ಸೇ! ಇವನ ಮಾನ ಕಳೆಯಲು ಬಂದಿದ್ದೀಯ, ನೆನಪಿರಲಿ!'

ಅದು 1936ರ ಬೇಸಿಗೆ. ಸಾಲಿಗ್ರಾಮದ ಬಡಮಕ್ಕಳ ಊಟದ ಸಂಘದ ವಾರ್ಷಿಕ ಸಭೆ. ರೈತರು ಸುಗ್ಗಿಯಲ್ಲಿ ಕೊಡುವ ಭತ್ತದಿಂದ ಆ ಸಂಘ ನಡೆಯುತ್ತಿತ್ತು.

ಮೂರು ವರ್ಷದ ಹಿಂದೆ ಇದೇ ಸಭೆಯಲ್ಲಿ ಅಧ್ಯಕ್ಷ ಗುರುಮಲ್ಲಪ್ಪ ಲೆಕ್ಕ ಓದಿದ್ದರು: "ಇಪ್ಪತ್ತು ಪಲ್ಲ ಭತ್ತ, ಕಾರ್ಯದರ್ಶಿ ಸಿದ್ದಮಲ್ಲಪ್ಪ ಮಾರಿಕೊಂಡದ್ದು."

ಸಿದ್ದಮಲ್ಲಪ್ಪ ಅವಳ ಅಪ್ಪ! "ಪುಸ್ತಕ ತೋರಿಸಿ" ಎಂದು ಅವರು ಅಂಗಲಾಚಿದರೆ, "ನಿಯಮದಲ್ಲಿ ಹಾಗಿಲ್ಲ" ಎಂಬ ಉತ್ತರ ಬಂತು. ಅಂದಿನಿಂದ ಅಪ್ಪ ಬೀದಿಗೆ ಇಳಿದಿಲ್ಲ.

ಆ ಮಾತನ್ನು ಸಭೆಯ ನಡಾವಳಿಯಲ್ಲಿ ಬರೆದುಕೊಂಡವನು ಆಗ ಸಂಘದ ಗುಮಾಸ್ತನಾಗಿದ್ದ ನಿಂಗರಾಜು. ಅವಳಿಗೆ ಮದುವೆಗೆಂದು ಗೊತ್ತು ಮಾಡಿದ್ದ ಗಂಡು! ಅವನು ಕೊಟ್ಟ ಸೀರೆಯನ್ನು ಮಾರನೇ ದಿನವೇ ಹಿಂದಕ್ಕೆ ಕಳಿಸಿ, ಅವಳು ಹುಣಸೂರಿನ ಶಾಲೆಗೆ ಉಪಾಧ್ಯಾಯಿನಿಯಾಗಿ ಹೊರಟುಹೋದಳು. ಅವನೋ ಅಪ್ಪನ ಕುರ್ಚಿಯಲ್ಲೇ ಕಾರ್ಯದರ್ಶಿಯಾಗಿ ಕೂತ. ಅವನ ಕಾಗದಗಳನ್ನು ಅವಳು ಒಡೆಯದೆಯೇ ವಾಪಸ್ ಕಳಿಸಿದಳು.

ಹೋದ ತಿಂಗಳು ಹೆಸರಿಲ್ಲದ ಒಂದು ಲಕೋಟೆ ಬಂತು. ಒಳಗೆ ಸಂಘದ ನಿಬಂಧನೆಗಳ ಪುಸ್ತಿಕೆ. ಏಳನೆಯದರ ಕೆಳಗೆ ಕೆಂಪು ಗೆರೆ: 'ಲೆಕ್ಕವನ್ನು ಸಭೆಯು ಕೇಳತಕ್ಕದ್ದು.'

ಕೇಳತಕ್ಕದ್ದು! ಅಷ್ಟೇ! ಅಧ್ಯಕ್ಷರು ಓದುವುದು, ಸಭೆ 'ಸರಿ' ಅನ್ನುವುದು, ಪುಸ್ತಕ ಅವರ ಪೆಟ್ಟಿಗೆ ಸೇರುವುದು. ಅವಳಿಗೆ ಬೇಕಾದ ಕತ್ತಿ ಸಿಕ್ಕಿತು.

ನಿಂಗರಾಜು ಗಟ್ಟಿಯಾಗಿ ಓದಿದ. "ಸದಸ್ಯೆ ಸರ್ವಮಂಗಳ ಅವರ ತಿದ್ದುಪಡಿ. 'ಕೇಳತಕ್ಕದ್ದು' ಎಂಬುದನ್ನು ತೆಗೆದು 'ನೋಡತಕ್ಕದ್ದು' ಎಂದು ಹಾಕುವುದು. ಸಂಘಕ್ಕೆ ಸೇರದ ಒಬ್ಬರಿಂದ ಪ್ರತಿವರ್ಷ ಪರಿಶೀಲನೆ. ಹಿಂದಿನ ಲೆಕ್ಕಗಳಿಗೂ ಇದು ಅನ್ವಯ."

ಗುರುಮಲ್ಲಪ್ಪ ನಕ್ಕರು. "ಹೆಣ್ಣೆಂಗ್ಸು ಲೆಕ್ಕ ಕೇಳೋ ಕಾಲ ಬಂತೇನ್ರಪ್ಪಾ! ಇದನ್ನ ಅನುಮೋದ್ಸೋ ಗಂಡು ಯಾವನವ್ನೆ ಇಲ್ಲಿ?"

"ನಾನಿದ್ದೀನಿ," ಎಂದ ನಿಂಗರಾಜು.

ಸರ್ವಮಂಗಳ ಬೆಚ್ಚಿದಳು. 'ಇವನಿಗೇನು ಹುಚ್ಚೇ? ಆ ನಡಾವಳಿಯಲ್ಲಿ ಇವನ ಸಹಿಯೂ ಇದೆಯಲ್ಲ...'

ಅಡುಗೆಯ ಸಾಕಮ್ಮ ಎದ್ದು ನಿಂತಳು. "ಭತ್ತ ಇಲ್ದೆ ಆ ಮಕ್ಕಳಿಗೆ ನೀರುಗಂಜಿ ಕಾಯ್ಸಿದ್ದು ನಾನು ಕಣ್ರಪ್ಪಾ! ನೋಡ್ಲಿ ಬುಡಿ!"

ಒಂದೊಂದಾಗಿ ಕೈಗಳು ಮೇಲೆದ್ದವು. ಪೆಟ್ಟಿಗೆಯ ಬೀಗ ತೆಗೆಯಲೇಬೇಕಾಯಿತು.

ಪುಟದಲ್ಲಿ ಅಪ್ಪನ ದುಂಡನೆಯ ಅಕ್ಷರ! ಅದನ್ನು ನೋಡುವವರೇ ಇಲ್ಲವೆಂಬ ಧೈರ್ಯಕ್ಕೆ ಗುರುಮಲ್ಲಪ್ಪ ಅಳಿಸುವ ಗೋಜಿಗೂ ಹೋಗಿರಲಿಲ್ಲ. ಅವಳು ಪುಸ್ತಕವನ್ನು ಅವರ ಮುಂದೆ ಹಿಡಿದಳು.

"ಓದಿ ಯಜಮಾನ್ರೇ."

"ಇಪ್ಪತ್ತು ಪಲ್ಲ ಭತ್ತ... ಅಧ್ಯಕ್ಷರು ಕೈಗಡವಾಗಿ ಒಯ್ದದ್ದು... ಹಿಂದಿರುಗಿಸಿಲ್ಲ..."

"ಜೋರಾಗಿ! ಅವತ್ತು ಇಡೀ ಊರಿಗೆ ಕೇಳ್ಸಿದ್ರಲ್ಲ, ಹಾಗೆ!"

ಅಪ್ಪ ಮನೆಯೊಳಗೇ ಕಳೆದ ವರ್ಷಕ್ಕೊಂದರಂತೆ ಮೂರು ಸಲ ಓದಿಸಿದಳು. ಮೂರನೆಯ ಸಲ ಗುರುಮಲ್ಲಪ್ಪನವರ ದನಿಯೇ ಹೊರಡಲಿಲ್ಲ. ಅವಳ ಹೊಟ್ಟೆ ತಣ್ಣಗಾಯಿತು. ನಿಜ ಹೇಳಬೇಕೆಂದರೆ, ತುಂಬಾ ತಣ್ಣಗಾಯಿತು!

ಇನ್ನು ಉಳಿದವನು ಒಬ್ಬನೇ. ಜನ ಕರಗಿದ ಮೇಲೆ ಅವಳು ತಿರುಗಿದಳು. ನಿಂಗರಾಜು ಕೆಂಪು ಶಾಯಿಯಲ್ಲಿ ಹಳೆಯ ಪದವನ್ನು ಹೊಡೆದುಹಾಕುತ್ತಿದ್ದ. ಗೆರೆಯ ತುದಿಯಲ್ಲಿ ಪುಟ್ಟ ಕೊಕ್ಕೆ... ಲಕೋಟೆಯಲ್ಲಿ ಬಂದ ಗೆರೆಗೂ ಅದೇ ಕೊಕ್ಕೆ!

"ಅದನ್ನ ಕಳಿಸಿದ್ದು... ನೀವಾ?"

"ಕಾರ್ಯದರ್ಶಿ ತಿದ್ದುಪಡಿ ತರೋ ಹಾಗಿಲ್ಲ, ಅನುಮೋದಿಸ್ಬಹುದು ಅಷ್ಟೆ. ಕಾರ್ಯದರ್ಶಿ ಆದ್ಮೇಲೆ ಒಂದ್ಸಲ ಆ ಪುಟ ಕಣ್ಣಿಗೆ ಬಿತ್ತು. ಕಾಗದ ಬರೆದೆ, ನೀವು ಒಡೀಲಿಲ್ಲ."

"ನಿಮ್ಮ ಮಾನಾನೂ ಹೋಗುತ್ತೆ ಅಂತ ಗೊತ್ತಿತ್ತಲ್ಲ?"

"ಹೋಗ್ಲಿ. ಅವತ್ತು ನಿಮ್ಮಪ್ಪನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ. ಆ ತಪ್ಪು ನಂದೇ."

ಮೂರು ವರ್ಷ ಮಸೆದ ಸಿಟ್ಟು ಕಣ್ಣೀರಾಗಿ ಇಳಿಯಿತು.

"ಮೊದಲು ಮನೆಗೆ ಬಂದು ಅಪ್ಪನ ಕಾಲು ಹಿಡೀರಿ. ಆಮೇಲೆ ಅವರ ಕೈ ಹಿಡ್ಕೊಂಡು ಬೀದಿ ತುಂಬಾ ನಡೆಸ್ಕೊಂಡು ಬನ್ನಿ. ಎಲ್ಲರೂ ನೋಡಬೇಕು!"

"ಬತ್ತೀನಿ." ಅವನು ತಡವರಿಸಿದ. "ಸರ್ವಮಂಗಳಾ... ಇನ್ನೊಂದು ಮಾತು ಕೇಳ್ಲಾ?"

"ಕೇಳೋದು ಇವತ್ತಿಗೆ ರದ್ದಾಯ್ತು ಕಣ್ರೀ!"

"ಮತ್ತೆ...?"

ಅವಳು ಒದ್ದೆ ಕಣ್ಣುಗಳನ್ನು ಎತ್ತಿದಳು.

"ನೋಡಿ."