ನೀಲಮ್ಮನ ಹೆಸರಿನ ಕಾರ್ಡು

ಯಾರ ವಸ್ತು ಕಳೆದರೂ ಮೊದಲು ಕೆಂಪಾಗುವುದು ತನ್ನ ಮುಖವೇ ಎಂಬುದು ಶಿವರಂಜನಿಯ ಗುಟ್ಟಿನ ಚಿಂತೆ. ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪಕ್ಕದವಳ ಜಾಮಿಟ್ರಿ ಬಾಕ್ಸ್ ಕಾಣೆಯಾದಾಗಲೂ ಹಾಗೇ ಆಗಿತ್ತು. ಆ ಭಾನುವಾರ ಅಮ್ಮ ನೀಲಮ್ಮ ಲಕೋಟೆ ಒಡೆದು "ಇದೇನಿದು?" ಎಂದಾಗ ಅವಳು ತಲೆ ತಗ್ಗಿಸಿ ಅವರೆಕಾಯಿ ಸುಲಿಯುತ್ತ ಕುಳಿತಳು.

ಪತ್ರ ಕ್ರೆಡಿಟ್ ಕಾರ್ಡ್ ಕಂಪನಿಯದು. ನೀಲಮ್ಮನವರ ಹೆಸರಿನ ಕಾರ್ಡಿನಲ್ಲಿ ಮೂವತ್ತೆಂಟು ಸಾವಿರ ಬಾಕಿ. ಗಡುವಿಗೆ ಕಂತು ಬಾರದ್ದರಿಂದ ಮೊದಲ ಆರು ತಿಂಗಳ ಶೂನ್ಯ ಬಡ್ಡಿಯ ಕೊಡುಗೆ ರದ್ದು. ಸರ್ಕಾರಿ ಶಾಲೆಯ ಟೀಚರ್ ನೀಲಮ್ಮ ಅಂಥ ಕಾರ್ಡನ್ನು ಕಣ್ಣಾರೆ ಕಂಡವರಲ್ಲ.

ಅರ್ಜಿ ಹೋಗಿದ್ದು ಅವರ ಫೋನಿನಿಂದಲೇ. ಆ ಫೋನು ಯಾರ ಕೈಗೆ ಸಿಗುತ್ತದೆ? ಮಗಳಿಗೆ, ಇಲ್ಲವೇ ಜೊತೆಯಲ್ಲೇ ಇರುವ ತಮ್ಮ ಗಿರಿರಾಜನಿಗೆ. ಗಿರಿರಾಜ ಹಿಂದೊಮ್ಮೆ ಅಕ್ಕನ ಬಳೆ ಅಡವಿಟ್ಟವನು. ಅಲ್ಲಿಗೆ ವಿಚಾರಣೆ ಮುಗಿಯಿತು — ಸಂಜೆಯೊಳಗೆ ಮನೆ ಬಿಡು ಎಂದರು ನೀಲಮ್ಮ. ತಾನಲ್ಲ ಎಂದು ಎರಡು ಸಲ ಹೇಳಿ, ಅವನು ಬ್ಯಾಗಿಗೆ ಬಟ್ಟೆ ತುಂಬತೊಡಗಿದ.

ಗಲಾಟೆ ಕೇಳಿ ಮಹಡಿಯಿಂದ ಮನೆ ಒಡತಿ ಲಕ್ಷ್ಮಿದೇವಮ್ಮ ಇಳಿದು ಬಂದರು. ಅತ್ತಿಗುಪ್ಪೆಯಲ್ಲಿ ಈ ಮನೆ ಕಟ್ಟಿಸುವ ಮುಂಚೆ ಮೂವತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತವರು. ಕನ್ನಡಕ ಏರಿಸಿ ಪತ್ರವನ್ನು ಹಿಂದೆ ಮುಂದೆ ಓದಿದರು.

"ಇದು ಎಂಥ ಕಾರ್ಡು, ನೋಡಿದ್ರಾ ನೀಲಮ್ಮ?"

"ಯಾವುದಾದ್ರೇನು? ಮೋಸದ್ದು."

"ಕ್ಯಾಶ್‌ಬ್ಯಾಕಿಲ್ಲ, ಸಿನಿಮಾ ಟಿಕೆಟ್ಟಿಲ್ಲ. ಬಡ್ಡಿ ಮಾತ್ರ ಕಡಿಮೆ. ಓಡಿಹೋಗೋನಿಗೆ ಬಡ್ಡಿ ಎಷ್ಟಿದ್ರೇನು? ಇದನ್ನ ಆರಿಸಿರೋದು ತೀರಿಸೋ ಮನಸ್ಸಿರೋರು."

"ತೀರಿಸಿಲ್ವಲ್ಲ?"

"ಮೂರು ಕಂತು ಸರಿಯಾಗೇ ಕಟ್ಟಿದಾರೆ. ನಾಲ್ಕನೇದಕ್ಕೆ ಗಡುವು ಹದಿನಾಲ್ಕು. ಕಟ್ಟಿದ್ದು ಹದಿನೈದು. ದುಡ್ಡಿಟ್ಕೊಂಡು ಒಂದು ದಿನ ಯಾಕೆ ಕಾದ್ರು?"

ಲಕ್ಷ್ಮಿದೇವಮ್ಮ ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆ ತಿರುವಿ ಬೆರಳಿಟ್ಟರು.

"ಹದಿನಾಲ್ಕು — ಶುಕ್ರವಾರ."

ನೀಲಮ್ಮನ ಮನೆಯಲ್ಲಿ ಶುಕ್ರವಾರ ಹಾಲಿನವನಿಗೂ ಚಿಲ್ಲರೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿ ಹೊಸಿಲು ದಾಟುತ್ತಾಳೆ.

"ನಿಮ್ಮ ತಮ್ಮ ಬಾಡಿಗೇನೂ ಶುಕ್ರವಾರನೇ ತಂದುಕೊಟ್ಟು ನಿಮ್ಮ ಹತ್ರ ಬೈಸಿಕೊಂಡೋನು. ಇವನಿಗೆಲ್ಲಿಯ ಶುಕ್ರವಾರ? ನಿಮಗೋ, ಫೋನಲ್ಲಿ ದುಡ್ಡು ಕಟ್ಟೋಕೆ ಬರಲ್ಲ." ಅವರು ದನಿ ತಗ್ಗಿಸಿದರು. "ಇನ್ನುಳಿದೋಳು ರಂಜನಿ. ಹೌದೇನಮ್ಮ?"

ಗಿರಿರಾಜನ ಕೈಯಲ್ಲಿ ಅರ್ಧ ಮಡಿಸಿದ ಅಂಗಿ ಹಾಗೇ ನಿಂತಿತು.

ಹತ್ತು ಕಾರ್ಡುಗಳ ಬಡ್ಡಿಯನ್ನು ಡೈರಿಯಲ್ಲಿ ಗೀಟು ಹಾಕಿ ಹೋಲಿಸಿದ್ದಳು ಅವಳು. ಆರು ತಿಂಗಳೊಳಗೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು. ದಿನಸಿ, ಗ್ಯಾಸು, ಅಮ್ಮನ ಬಿ.ಪಿ. ಮಾತ್ರೆ — ಎಲ್ಲ ಅದರಲ್ಲೇ ಬಂದಿತ್ತು. ಆದರೆ ಈಗ ಅವಳನ್ನು ಸುಡುತ್ತಿದ್ದದ್ದು ಆ ಕಾರ್ಡಲ್ಲ. ಮಾಮ ಬ್ಯಾಗು ತುಂಬುವುದನ್ನು ನೋಡುತ್ತ ಇಷ್ಟು ಹೊತ್ತು ಸುಮ್ಮನೆ ಕುಳಿತದ್ದು.

"ಇವಳ್ಯಾಕೆ ಸಾಲ ಮಾಡ್ತಾಳೆ?" ಎಂದರು ನೀಲಮ್ಮ, ಒಡತಿಯ ಮೇಲೇ ಸಿಟ್ಟಾಗಿ. "ತಿಂಗಳು ತಿಂಗಳು ಸಂಬಳ ಬರುತ್ತಲ್ಲ."

ಶಿವರಂಜನಿ ಎದ್ದು ನಿಂತಳು.

"ಬರಲ್ಲಮ್ಮ. ಸಂಬಳ ಇಲ್ಲದೋಳಿಗೆ ಕಾರ್ಡು ಕೊಡಲ್ಲ, ಅದಕ್ಕೇ ನಿನ್ನ ಹೆಸರು. ಜುಲೈನಲ್ಲೇ ನನ್ನ ಕೆಲಸ ಹೋಯ್ತು."