ಬೂದುಗಾಳಿಗೆ ಎತ್ತಿಟ್ಟ ಪಾಲು

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಮೂರು ಬೆಟ್ಟಗಳ ನಡುವೆ ಕೆಂಬಾಗಿಲು ಎಂಬ ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ, ರಾಜನಿಗೊಂದು ಅರಮನೆ, ಅರಮನೆಗೊಂದು ಆನೆ, ಆನೆಗೊಬ್ಬ ಮಾವುತ. ರಾಜನ ಕತೆ ಬೇಕಾದವರು ಬೇರೆ ಕಡೆ ಹೋಗಿ ಕೇಳಿ. ಇದು ಆ ಮಾವುತನ ಹೆಂಡತಿ ಸಿಂಗಾರವ್ವನ ಕತೆ.

ಮೂರನೆಯ ಬೆಟ್ಟದ ತುದಿಯಲ್ಲಿ ಬೂದುಮಲ್ಲನೆಂಬ ಮಾಂತ್ರಿಕನಿದ್ದ. ಅವನು ಒಂದು ಹಿಡಿ ಬೂದಿ ತೆಗೆದುಕೊಂಡು ಊರಿನ ಕಡೆ ಊದಿದರೆ ಸಾಕು, ಬೂದುಗಾಳಿ ಏಳುತ್ತಿತ್ತು. ಗಾಳಿ ಸೋಕಿದ ಜೀವ ಮನುಷ್ಯನಾಗಲಿ ಕೋಳಿಯಾಗಲಿ, ಬೂದುಬಣ್ಣದ ಮೃಗವಾಗಿ ಅವನ ಹಿಂಡು ಸೇರುತ್ತಿತ್ತು. ಹಿಂಡು ಬೆಳೆದಷ್ಟೂ ಗಾಳಿ ಬೀಸುತ್ತಿತ್ತು. ಬಾಗಿಲು ಹಾಕಿದ ಮನೆಯೊಳಗೆ ಮಾತ್ರ ಅದು ಬರುತ್ತಿರಲಿಲ್ಲ. ಆದರೆ ಬೂದುಮಲ್ಲ ಒಂದೊಂದೇ ಬಾಗಿಲಿಗೆ ಬಂದು ಕೇಳುತ್ತಿದ್ದ, "ಇಂಥವರ ಪಾಲು ಎಲ್ಲಿ?"

ಅದಕ್ಕೇ ಆ ರಾಜ್ಯದಲ್ಲಿ ಒಂದು ಕಟ್ಟುಪಾಡಿತ್ತು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಪ್ರತಿ ಮನೆಯವರೂ ಮನೆಯಲ್ಲಿರುವ ಒಂದೊಂದು ಜೀವಕ್ಕೂ ಒಂದೊಂದು ಪಾಲು ಅನ್ನ ನೀರು ಎತ್ತಿಡಬೇಕು. ಪಾಲು ಇಟ್ಟವರು ಕೈಯನ್ನು ಕೆಮ್ಮಣ್ಣಿನಲ್ಲಿ ಅದ್ದಿ ಬಾಗಿಲಿನ ಒಳಮೈಗೆ ಒತ್ತಬೇಕು. ಒಳಗೆ ಒತ್ತಿದ ಗುರುತು ಹೊರಗೂ ಮೂಡುತ್ತಿತ್ತು. ಪಾಲಿಲ್ಲದವರು ಒತ್ತಿದರೆ ಮಣ್ಣು ಉದುರಿಹೋಗುತ್ತಿತ್ತು. ಗುರುತು ಇದ್ದವರನ್ನು ಬೂದುಮಲ್ಲ ಮುಟ್ಟುವಂತಿರಲಿಲ್ಲ. ಕೇಳಿದಾಗ ಪಾಲು ತೋರಿಸಲಾಗದವರು ಗಾಳಿಯ ಪಾಲು. ಇದು ಬಾಗಿಲಿನ ನೇಮ, ಯಾರಿಗೂ ರಿಯಾಯಿತಿ ಇಲ್ಲ.

ಈಗ ಸಿಂಗಾರವ್ವನ ಪಾಡು ಕೇಳಿ. ಗಂಡ ಆನೆಯ ಜೊತೆ ಅರಮನೆಯಲ್ಲೇ ಇರುತ್ತಿದ್ದ, ಅವನ ಪಾಲೂ ಅಲ್ಲೇ. ಮನೆಯಲ್ಲಿ ಅವಳು, ಅತ್ತೆ ದುಗ್ಗವ್ವ, ಸುಬ್ಬಿ ಎಂಬ ಬೆಕ್ಕು, ಚೆಂಗಿ ಎಂಬ ಮೇಕೆ, ಬೋಡ ಎಂಬ ನಾಯಿ. ಎಲ್ಲರ ಪಾಲಿಗೂ ದುಡಿಯುವವಳು ಅವಳೊಬ್ಬಳೇ. ಗುಡಾಣದ ಹಳೆ ನೀರು ಚೆಲ್ಲಿ, ತಿಕ್ಕಿ, ಬಾವಿಯಿಂದ ಹೊಸ ನೀರು ಹೊರಬೇಕು. ಹುಳ ಬಿದ್ದ ಹಿಟ್ಟು ತೆಗೆದು ಹೊಸ ರಾಗಿ ಬೀಸಬೇಕು. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಉಪ್ಪು, ದೀಪದೆಣ್ಣೆ, ಸೌದೆ, ಅತ್ತೆಯ ಕೆಮ್ಮಿಗೆ ಒಣಶುಂಠಿ. ಅದಾದ ಮೇಲೆ ಬೆಕ್ಕಿಗೆ ಒಣಮೀನು, ಮೇಕೆಗೆ ಹುಲ್ಲು, ನಾಯಿಗೆ ಮುದ್ದೆ ಹಿಟ್ಟು. ಅದೂ ಆದ ಮೇಲೆ ಅವುಗಳ ಪಾದ ಹಿಡಿದು ಕೆಮ್ಮಣ್ಣಿಗೆ ಅದ್ದಬೇಕು. ಸುಬ್ಬಿ ಪರಚುತ್ತಿದ್ದಳು, ಚೆಂಗಿ ಗುಮ್ಮುತ್ತಿದ್ದಳು, ಬೋಡ ಕೆಮ್ಮಣ್ಣು ನೆಕ್ಕುತ್ತಿದ್ದ.

ಊರಿನಲ್ಲಿ ಬೇರೆ ಯಾರೂ ಸಾಕುಪ್ರಾಣಿಗಳಿಗೆ ಪಾಲು ಇಡುತ್ತಿರಲಿಲ್ಲ. ಹಿಂದಿನವರು ಇಡುತ್ತಿದ್ದರಂತೆ, ಈಗಿನವರಿಗೆ ಯಾರಿಗೆ ಬೇಕು ಆ ರಗಳೆ? ನಾವು ಉಂಡು ಮಿಕ್ಕಿದ್ದು ತಿನ್ನುತ್ತವೆ ಬಿಡು ಅನ್ನುತ್ತಿದ್ದರು. ಬಾಗಿಲ ಮೇಲೆ ಗೊರಸು, ಪಂಜ ಕಂಡರೆ ಸಿಂಗಾರವ್ವನನ್ನು ಆಡಿಕೊಂಡು ನಗುತ್ತಿದ್ದರು.

ಬೂದುಗಾಳಿ ಬಂದು ಎಷ್ಟೋ ವರ್ಷವಾಗಿತ್ತು. ಸಿಂಗಾರವ್ವ ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಬಂದಿರಲಿಲ್ಲ. ಆ ವರ್ಷ ನೀರು ಹೊತ್ತು, ರಾಗಿ ಬೀಸಿ, ತನ್ನದೂ ಅತ್ತೆಯದೂ ಪಾಲು ಎತ್ತಿಟ್ಟು, ಇಬ್ಬರ ಕೈಗುರುತೂ ಒತ್ತಿದ ಮೇಲೆ ಅವಳು ಹೊಸಲಿನ ಮೇಲೆ ಕುಕ್ಕರಿಸಿದಳು. ಸೊಂಟ ಬಿದ್ದುಹೋಗಿತ್ತು. ಕೆಮ್ಮಣ್ಣಿನ ಬೋಗುಣಿ ಎದುರಿಗಿತ್ತು, ಬೆಕ್ಕು ಅಟ್ಟದ ಮೇಲೆ ಅಡಗಿತ್ತು. ಸಾಕಪ್ಪಾ ಸಾಕು, ಈ ವರ್ಷ ನನ್ನಿಂದಾಗದು ಅಂದುಕೊಂಡಳು. ಬೋಗುಣಿ ತೆಗೆದು ಮೂಲೆಗಿಟ್ಟಳು.

ಬೋಡನ ಮೇಲೆ ಅವಳಿಗೆ ಬೇರೆ ಸಿಟ್ಟಿತ್ತು. ದಿನಾ ಬೆಳಿಗ್ಗೆ ರೊಟ್ಟಿ ತಟ್ಟುವಾಗ ಅವನಿಗೂ ಒಂದು ಹಾಕುತ್ತಿದ್ದಳು. ಅವನು ಅರ್ಧ ತಿಂದು ಅರ್ಧ ಕಚ್ಚಿಕೊಂಡು ಎಲ್ಲೋ ಓಡುತ್ತಿದ್ದ. ಪಕ್ಕದ ಬೀದಿಯ ಹೆಣ್ಣುನಾಯಿಗೆ ಕೊಡುತ್ತಾನೆ ಅಂತ ಅತ್ತೆ ಹೇಳುತ್ತಿದ್ದಳು. ಬರುವಾಗ ಮೂತಿಗೆಲ್ಲಾ ಮಣ್ಣು. ಮನೆಯೊಳಗಿನ ಅಂಗಳದ ಮೂಲೆಯಲ್ಲಿ ಸಿಂಗಾರವ್ವ ನೆಟ್ಟ ದೊಡ್ಡಪತ್ರೆ ಗಿಡವನ್ನು ಅವನು ಕೆದರಿ ಕೆದರಿ ಸಾಯಿಸಿದ್ದ.

ಅದೇ ವರ್ಷ ಗಾಳಿ ಬಂತು. ಬರದೆ ಇರುತ್ತದೆಯೇ? ಬೂದುಮಲ್ಲ ಕಾಯುತ್ತಿದ್ದದ್ದೇ ಜನರಿಗೆ ಬೇಜಾರಾಗಲಿ ಅಂತ.

ಒಂದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಬೂದುಬಣ್ಣ ಇಳಿಯಿತು. ಸಿಂಗಾರವ್ವ ಮೂರೂ ಪ್ರಾಣಿಗಳನ್ನು ಒಳಗೆ ಎಳೆದುಕೊಂಡು ಅಗಳಿ ಹಾಕಿದಳು. ಬಾಗಿಲ ಮೇಲೆ ಎರಡೇ ಗುರುತು ಕಂಡವು.

ಕಿಟಕಿಯ ಸಂದಿನಿಂದ ಬೀದಿ ಕಾಣುತ್ತಿತ್ತು. ಬೂದುಮಲ್ಲ ಗಟ್ಟಿಯಾಗಿ ಮಾತಾಡುವವನಲ್ಲ. ಸಾಲ ಕೊಟ್ಟವನಂತೆ ಜಬರದಸ್ತಿನಿಂದ ಬಡಿಯಲಿಲ್ಲ, ನೆಂಟನಂತೆ ಮೆಲ್ಲಗೆ ತಟ್ಟಿದ. ಎದುರು ಮನೆಯಲ್ಲಿ ಆಕಳ ಪಾಲು ಕೇಳಿದ. ಇಲ್ಲವೆಂದರು. ಹಾಗಾದರೆ ಆಕಳನ್ನು ಕೊಡಿ, ನಿಮ್ಮ ಗುಡಾಣ ಕಾಳಿನಿಂದ ತುಂಬುತ್ತದೆ ಅಂದ. ಅವರು ಬಾಗಿಲು ಸಂದು ಮಾಡಿ ಆಕಳನ್ನು ತಳ್ಳಿದರು. ಆಕಳು ಬೂದಿಯಾಯಿತು, ಎದ್ದು ನಿಂತಾಗ ಕೊಂಬಿನ ದೊಡ್ಡ ಮೃಗವಾಗಿತ್ತು. ಆ ಮನೆಯ ಗುಡಾಣವೂ ತುಂಬಿತು. ಅಲ್ಲಿಂದ ಮುಂದಿನ ಮನೆಯಲ್ಲಿ ಗಿಳಿ, ಅದರ ಮುಂದಿನ ಮನೆಯಲ್ಲಿ ಜೋಡಿ ಎತ್ತು. ಅರಮನೆಯವರು ಕುದುರೆಗಳನ್ನು ಕೊಟ್ಟರು, ಕೊನೆಗೆ ಆನೆಯನ್ನೂ ಕೊಟ್ಟರು. ಅದು ಬೀದಿಯಲ್ಲಿ ಬೂದುಬಣ್ಣವಾಗಿ ನಡೆದುಹೋಗುವುದನ್ನು ಸಿಂಗಾರವ್ವ ಕಣ್ಣಾರೆ ಕಂಡಳು. ಗಂಡ ಏನು ಪಾಡುಪಡುತ್ತಿದ್ದಾನೋ ಎಂದು ಅವಳಿಗೆ ಅಳು ಬಂತು.

ಆಮೇಲೆ ಅವಳ ಬಾಗಿಲಿಗೆ ಬಂದ.

"ಬೆಕ್ಕಿನ ಪಾಲು ಎಲ್ಲಿ?"

ಬೆಕ್ಕು ರಾಗಿ ತಿನ್ನುತ್ತದೆಯೇ? ಸಿಂಗಾರವ್ವ ಅಟ್ಟ ತಡಕಿದಳು, ಗೂಡು ತಡಕಿದಳು. ಬರೀ ಜೇಡರಬಲೆ. ಆಗ ಮೂಲೆಯಲ್ಲಿ ಮಲಗಿದ್ದ ದುಗ್ಗವ್ವ ಕೆಮ್ಮಿದಳು. ಅದು ಕಾಯಿಲೆಯ ಕೆಮ್ಮಲ್ಲ. ತಲೆದಿಂಬಿನ ಒಳಗೆ ಕೈಹಾಕಿ ಮೂತಿ ಸೊಟ್ಟ ಮಾಡಿಕೊಂಡು ಒಂದು ಗಂಟು ತೆಗೆದಳು. ಸೊಸೆಗೆ ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡಿದ್ದ ಒಣಮೀನು. ಸಿಂಗಾರವ್ವ ಸುಬ್ಬಿಯ ಪಂಜವನ್ನು ಕೆಮ್ಮಣ್ಣಿಗೆ ಅದ್ದಿ ಬಾಗಿಲಿಗೆ ಒತ್ತಿದಳು. ಗುರುತು ನಿಂತಿತು. ಬೂದುಮಲ್ಲ ಹೋದ.

ಮರುದಿನ ಮತ್ತೆ ಬಂದ.

"ಮೇಕೆಯ ಪಾಲು ಎಲ್ಲಿ?"

ಮನೆಯಲ್ಲಿ ಒಂದು ಕಡ್ಡಿ ಹುಲ್ಲಿರಲಿಲ್ಲ. ಸಿಂಗಾರವ್ವ ಅತ್ತೆಯ ಮುಖ ನೋಡಿದಳು, ಅತ್ತೆ ಕೆಳಗೆ ನೋಡಿದಳು. ದುಗ್ಗವ್ವನ ಹಾಸಿಗೆಯೊಳಗೆ ತುಂಬಿದ್ದು ರಾಗಿಹುಲ್ಲು. ನನ್ನ ಬೆನ್ನು ಏನಾಗಬೇಕು, ಈ ಮೇಕೆ ನನಗೆ ಹಾಲು ಕೊಟ್ಟಿದ್ದಕ್ಕಿಂತ ಗುಮ್ಮಿದ್ದೇ ಹೆಚ್ಚು ಎಂದು ಗೊಣಗುತ್ತಲೇ ಮುದುಕಿ ಹಾಸಿಗೆಯ ಹೊಲಿಗೆ ಹರಿದಳು. ಚೆಂಗಿಯ ಗೊರಸೂ ಬಾಗಿಲ ಮೇಲೆ ನಿಂತಿತು. ಆ ರಾತ್ರಿ ಅತ್ತೆಯ ಜೊತೆ ಸೊಸೆಯೂ ಬರಿನೆಲದ ಮೇಲೆ ಮಲಗಿದಳು.

ಅದರ ಮರುದಿನ ಮೂರನೆಯ ಸಲ ಬಂದ.

"ನಾಯಿಯ ಪಾಲು ಎಲ್ಲಿ?"

ಬಚ್ಚಿಟ್ಟದ್ದು ಇನ್ನೇನೂ ಉಳಿದಿರಲಿಲ್ಲ. ಬೋಡ ಸಿಂಗಾರವ್ವನ ಕಾಲಿಗೆ ಒತ್ತಿ ನಿಂತಿದ್ದ. ಅವಳು ತನ್ನ ಪಾಲಿನ ಹಿಟ್ಟಿನ ಮಡಕೆಯನ್ನು ಎತ್ತಿ ಅವನ ಮುಂದಿಟ್ಟಳು. ಅವನ ಪಂಜ ಅದ್ದಿ ಒತ್ತಿದಳು. ಗುರುತು ನಿಂತಿತು. ಅದರ ಪಕ್ಕದಲ್ಲೇ ಅವಳ ಕೈಗುರುತು ಪುಡಿಪುಡಿಯಾಗಿ ಉದುರಿತು.

"ಸಿಂಗಾರವ್ವ, ನಿನ್ನ ಗುರುತು ಹೋಯಿತಲ್ಲಮ್ಮ," ಎಂದ ಬೂದುಮಲ್ಲ ಹೊರಗಿನಿಂದ. "ಇನ್ನು ನಿನ್ನ ಪಾಲು ಎಲ್ಲಿ?"

ಅವಳಿಗೆ ಹೆದರಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಆಗಲಿಲ್ಲ, ಹಗುರವೆನಿಸಿತು. ಮೃಗವಾದರೆ ನೀರು ಹೊರಬೇಕಾಗಿಲ್ಲ. ರಾಗಿ ಬೀಸಬೇಕಾಗಿಲ್ಲ. ಎಲ್ಲರದೂ ಆಯಿತೇ, ಎಲ್ಲರೂ ಉಂಡರೇ ಎಂದು ನೋಡಬೇಕಾಗಿಲ್ಲ. ಎಲ್ಲಾದರೂ ಬಿದ್ದುಕೊಂಡು ನಿದ್ದೆ ಮಾಡಬಹುದು. ಅವಳ ಕೈ ತಾನಾಗಿಯೇ ಅಗಳಿಗೆ ಹೋಯಿತು.

ದುಗ್ಗವ್ವ ತೆವಳಿಕೊಂಡು ಬಂದು ಅವಳ ಸೆರಗು ಹಿಡಿದಳು.

"ನನ್ನ ಪಾಲು ತಗೋ ತಾಯಿ. ಮುದುಕಿ ಇದ್ದೇನು ಮಾಡಲಿ?"

"ನಿಮ್ಮದು ತಗೊಂಡರೆ ನಿಮ್ಮನ್ನು ಕರೀತಾನೆ ಅತ್ತೆ. ಬಿಡಿ. ನನಗೆ ಸಾಕಾಗಿದೆ."

ಆಗ ಬೋಡ ಒಳಂಗಳಕ್ಕೆ ಓಡಿದ. ದೊಡ್ಡಪತ್ರೆ ಸತ್ತುಹೋಗಿದ್ದ ಆ ಮೂಲೆಯಲ್ಲಿ ಕೆದರತೊಡಗಿದ. ಮಣ್ಣು ಹಿಂದಕ್ಕೆ ಹಾರಿ ಅತ್ತೆಯ ಮುಖಕ್ಕೂ ಬಿತ್ತು. ಕೆದರಿ ಕೆದರಿ ಏನನ್ನೋ ಬಾಯಲ್ಲಿ ಕಚ್ಚಿ ತಂದು ಸಿಂಗಾರವ್ವನ ಕಾಲ ಹತ್ತಿರ ಹಾಕಿದ. ಮತ್ತೆ ಓಡಿದ, ಮತ್ತೆ ತಂದ. ರೊಟ್ಟಿ! ಅರ್ಧ ರೊಟ್ಟಿ, ಮುರಿದ ರೊಟ್ಟಿ, ಹಪ್ಪಳದ ಹಾಗೆ ಒಣಗಿದ ರೊಟ್ಟಿ. ನಡುವೆ ದುಗ್ಗವ್ವನ ಕಳೆದುಹೋದ ಒಂದು ಮೆಟ್ಟೂ ಬಂತು. ವರ್ಷವಿಡೀ ಅವನು ಹೊಟ್ಟೆ ಕಟ್ಟಿ ಹೂತಿಟ್ಟದ್ದು ಕಾಲ ಬುಡದಲ್ಲಿ ರಾಶಿಯಾಯಿತು.

ಸಿಂಗಾರವ್ವ ಒಂದು ರೊಟ್ಟಿ ಎತ್ತಿ ಮಣ್ಣು ಒರೆಸಿದಳು. ಅದರ ಮೇಲೆ ಬೆರಳ ಗುರುತುಗಳಿದ್ದವು. ಕೈಯಲ್ಲಿ ತಟ್ಟಿದ ರೊಟ್ಟಿಯ ಮೇಲೆ ಇರುತ್ತವಲ್ಲ, ಹಾಗೆ. ಅವಳು ತನ್ನ ಬೆರಳುಗಳನ್ನು ಅದರ ಮೇಲಿಟ್ಟು ನೋಡಿದಳು. ಅವಳದ್ದೇ ಕೈ. ಎಲ್ಲರಿಗೂ ತಾನೊಬ್ಬಳೇ ಎತ್ತಿಡುತ್ತೇನೆ, ತನಗಾಗಿ ಎತ್ತಿಡುವವರು ಯಾರೂ ಇಲ್ಲ ಎಂದು ಅವಳು ಅಂದುಕೊಂಡಿದ್ದಳು. ಅವಳಿಗೆ ದುಃಖ ಒತ್ತರಿಸಿ ಬಂತು. ನಾಯಿಯ ಕೊರಳು ತಬ್ಬಿಕೊಂಡು ಅತ್ತಳು.

ಬಾಗಿಲ ಮೇಲೆ ಅವಳ ಕೈಗುರುತು ತಾನಾಗಿಯೇ ಮತ್ತೆ ಮೂಡಿತು.

ಅತ್ತು ಮುಗಿದ ಮೇಲೆ ಅವಳಿಗೆ ನಿಲ್ಲುವ ಶಕ್ತಿ ಇರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಹೊಸಲಿನ ಮೇಲೆ ಕುಳಿತಳು. ಹೊರಗೆ ಬೂದುಮಲ್ಲ ಇನ್ನೂ ನಿಂತೇ ಇದ್ದ. ಅವಳು ಕೇಳಿದ್ದು ಜಗಳಕ್ಕಲ್ಲ, ಜಾಣತನಕ್ಕೂ ಅಲ್ಲ, ಬರೀ ಸುಸ್ತಿಗೆ.

"ಊರವರದೆಲ್ಲಾ ಕೇಳಿದೆಯಲ್ಲಪ್ಪಾ, ನಿನ್ನ ಪಾಲು ಎಲ್ಲಿ?"

ಇಷ್ಟು ಕಾಲದಲ್ಲಿ ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ನನಗೆ ಯಾರೂ ಇಡಲಿಲ್ಲ," ಎಂದ ಅವನು. "ನಾನೂ ಯಾರಿಗೂ ಇಡಲಿಲ್ಲ."

ಬಾಗಿಲಿನ ನೇಮ ಗೊತ್ತಲ್ಲ. ಕೇಳಿದಾಗ ಪಾಲು ತೋರಿಸಲಾಗದವರು ಗಾಳಿಯ ಪಾಲು. ಬೀದಿಯಲ್ಲಿ ಹೋಗುತ್ತಿದ್ದ ಗಾಳಿ ತಿರುಗಿ ಬಂದು ಅವನನ್ನೇ ಸುತ್ತಿಕೊಂಡಿತು. ದುಗ್ಗವ್ವ ಕಿಟಕಿಯಿಂದ ನೋಡುವಷ್ಟರಲ್ಲಿ ಮೆಟ್ಟಿಲ ಮೇಲೆ ಒಂದು ಹಿಡಿ ಬೂದಿ ಉಳಿದಿತ್ತು, ಅದನ್ನು ಮೃಗವಾಗಿ ಎಬ್ಬಿಸುವ ಮಾಂತ್ರಿಕ ಇನ್ನೆಲ್ಲಿ? ಆಮೇಲೆ ಸಣ್ಣ ಮಳೆ ಹನಿಯಿತು, ಬೂದಿ ಮೋರಿಯ ಕಡೆಗೆ ಹರಿದುಹೋಯಿತು.

ಮೃಗಗಳ ಮೈಮೇಲಿನ ಬೂದಿಯೂ ತೊಳೆದುಹೋಯಿತು. ಆಕಳು ಆಕಳಾಯಿತು, ಎತ್ತು ಎತ್ತಾಯಿತು, ಗಿಳಿ ಹಸಿರಾಯಿತು. ಆದರೆ ಯಾವುದೂ ಕೂಡಲೇ ಮನೆಗೆ ಹೋಗಲಿಲ್ಲ. ತಮ್ಮ ತಮ್ಮ ಬಾಗಿಲ ಮುಂದೆ ದೂರ ನಿಂತು ನೋಡುತ್ತಿದ್ದವು. ಜನ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಬೆಲ್ಲ ಹಿಡಿದು ಕರೆದರು, ಹೆಸರು ಹಿಡಿದು ಕರೆದರು, ಕಣ್ಣೀರು ಹಾಕಿ ಕರೆದರು. ಆನೆಯಂತೂ ರಾಜನೇ ಕಬ್ಬು ಹೊತ್ತು ಬಂದರೂ ಬೆನ್ನು ತಿರುಗಿಸಿ ನಿಂತಿತ್ತು. ಕೊನೆಗೆ ಸಿಂಗಾರವ್ವನ ಗಂಡ ಸೊಂಡಿಲಿಗೆ ಕೆನ್ನೆಯಿಟ್ಟು ಬಹಳ ಹೊತ್ತು ಬೇಡಿಕೊಂಡ ಮೇಲೆ ಹೆಜ್ಜೆ ಎತ್ತಿತು.

ಸಿಂಗಾರವ್ವ ಇದ್ಯಾವುದನ್ನೂ ನೋಡಲಿಲ್ಲ. ಹೊಸಲಿನ ಮೇಲೆ ನಾಯಿಯ ಮೈಗೆ ಒರಗಿ ನಿದ್ದೆ ಹೋಗಿದ್ದಳು. ಗಂಡ ಬಂದವನು ಅವಳನ್ನು ಎಬ್ಬಿಸದೆ ಕೊಡ ತೆಗೆದುಕೊಂಡು ನೀರಿಗೆ ಹೋದ.

ಇನ್ನು ಬೂದುಮಲ್ಲನಿಲ್ಲ, ಯಾರೂ ಏನೂ ಎತ್ತಿಡಬೇಕಾಗಿಲ್ಲ ಎಂದು ರಾಜ ಡಂಗುರ ಹೊಡೆಸಿದ. ಊರಿಗೆ ಊರೇ ಹಬ್ಬ ಮಾಡಿ ಗುಡಾಣ ಖಾಲಿ ಮಾಡಿತು. ಮುಂದಿನ ಸುಗ್ಗಿ ಮುಗಿಯಿತು. ಸಿಂಗಾರವ್ವ ಉಸ್ಸಪ್ಪಾ ಎಂದು ಎದ್ದು, ಸೆರಗು ಸಿಕ್ಕಿಸಿ, ಗುಡಾಣ ತಿಕ್ಕಲು ಕುಳಿತಳು.

"ಅವನು ಹೋದನಲ್ಲೇ, ಇನ್ನು ಯಾಕೆ ಇದೆಲ್ಲಾ?" ಎಂದಳು ದುಗ್ಗವ್ವ.

ಸಿಂಗಾರವ್ವ ಅಂಗಳದ ಮೂಲೆಯ ಕಡೆ ಕೈತೋರಿಸಿದಳು. ಬೋಡ ಬೆಳಗಿನ ಅರ್ಧ ರೊಟ್ಟಿಯನ್ನು ಹೂಳುತ್ತಿದ್ದ.

"ಅವನೇ ಬಿಟ್ಟಿಲ್ಲ ಅತ್ತೆ. ನಾನು ಹೇಗೆ ಬಿಡಲಿ?"

ದುಗ್ಗವ್ವ ಗೊಣಗುತ್ತಾ ಎದ್ದು ಹೋಗಿ, ಕೆಮ್ಮಣ್ಣಿನ ಬೋಗುಣಿ ತಂದಿಟ್ಟು, ಗುಮ್ಮುವ ಮೇಕೆಯನ್ನು ತಾನೇ ಹಿಡಿದುಕೊಂಡಳು. ಅರಮನೆಯಿಂದ ಬಂದಿದ್ದ ಗಂಡ ಬೆಕ್ಕನ್ನು ಹಿಡಿದು ಪರಚಿಸಿಕೊಂಡ. ಎದುರು ಮನೆಯವರು ಕಂಡರು, ಅವರೂ ಆಕಳಿಗೆ ಹುಲ್ಲು ಒಟ್ಟಿದರು. ಸಂಜೆಯ ಹೊತ್ತಿಗೆ ಬೀದಿಯ ಬಾಗಿಲುಗಳ ಮೇಲೆಲ್ಲಾ ಕೈಗಳ ಪಕ್ಕದಲ್ಲಿ ಗೊರಸು, ಪಂಜ, ಗಿಳಿಯ ಕಾಲು. ಆಮೇಲೆ ಕೆಂಬಾಗಿಲಿನ ಜನ, ಜಾನುವಾರು, ನಾಯಿ, ಬೆಕ್ಕು ಎಲ್ಲಾ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಸುಖವಾಗಿದ್ದರು. ಕತೆ ಮುಗಿಯಿತು, ನನಗೂ ಸುಸ್ತಾಯಿತು. ಏಳಿ, ನಿಮ್ಮ ಮನೆಯ ನಾಯಿಗೆ ನೀರಿಟ್ಟಿದ್ದೀರಾ ನೋಡಿಕೊಂಡು ಮಲಗಿ.