ಹದಿಮೂರು ಹಸು, ಒಂದು ಕೆಂಪು ಚುಕ್ಕೆ

ಜೀಪು ಹಿಂದಿನಿಂದ ಗುದ್ದಿತು!

ಬೈಕಿನ ಸಮೇತ ಚರಂಡಿಗೆ ಬಿದ್ದೆ. ಮಂಡಿಯ ಚರ್ಮ ಕಿತ್ತುಹೋಯಿತು. ಫೋನ್ ಮಾತ್ರ ಬಿಡಲಿಲ್ಲ.

ಆ ಫೋನಿನಲ್ಲಿ ನನ್ನಕ್ಕನ ಹದಿಮೂರು ಹಸುಗಳ ಪ್ರಾಣವಿತ್ತು.

ಜೀಪಿನಿಂದ ಇಳಿದವನು ದೊಡ್ಡ ಡೈರಿಯ ಮ್ಯಾನೇಜರ್. ಬಾಗಿಲಲ್ಲಿ ತಲೆ ತಗ್ಗಿಸಿ ನಡೆಯುವಂಥ ಆಳು. ಕೈಯಲ್ಲಿ ಕಬ್ಬಿಣದ ರಾಡು.

"ಫೋಟೋ ಡಿಲೀಟ್ ಮಾಡು."

"ಯಾವ ಫೋಟೋ?"

"ನಮ್ಮ ಡೈರೀದು!"

"ಓ... ನಿಮ್ಮ ಹಸುಗಳ ಬಾಯಿಹುಣ್ಣು, ಜೊಲ್ಲು... ಅದಾ? ಚೆನ್ನಾಗಿ ಬಂದಿದೆ."

ರಾಡು ಬೀಸಿದ. ತಲೆ ತಗ್ಗಿಸಿದೆ. ಮುಷ್ಟಿ ತುಂಬ ಕೆಸರು ಬಾಚಿ ಅವನ ಮುಖಕ್ಕೆ ಎರಚಿದೆ. ಅವನು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಬೈಕ್ ಎತ್ತಿ ಕಿಕ್ ಹೊಡೆದೆ. ಪುಣ್ಯ... ಸ್ಟಾರ್ಟ್ ಆಯಿತು!

ಗಂಟೆ ಹನ್ನೊಂದು ಇಪ್ಪತ್ತು. ಹನ್ನೆರಡಕ್ಕೆ ಅಕ್ಕನ ಹಸುಗಳಿಗೆ ಗುಂಡು.

ಯಾಕೆ ಎನ್ನುತ್ತೀರಾ? ನನ್ನ ನಕ್ಷೆಯಿಂದ!

ನಾನು ಪಶು ಇಲಾಖೆಯ ಪತ್ತೇದಾರ. ನಗಬೇಡಿ. ಇಪ್ಪತ್ತು ವರ್ಷ ಪೊಲೀಸಿನಲ್ಲಿದ್ದು ಕಳ್ಳರನ್ನು ಹಿಡಿದವನು, ಈಗ ಕಾಲುಬಾಯಿ ರೋಗ ಹಿಡಿಯುತ್ತೇನೆ. ಎಲ್ಲಿ ಹುಟ್ಟಿತು, ಯಾವ ಲಾರಿ ಹತ್ತಿತು, ಯಾರ ಹಿಂದೆ ಹೋಯಿತು... ಎಲ್ಲ ಕಂಪ್ಯೂಟರ್ ನಕ್ಷೆಯ ಮೇಲೆ. ರೋಗ ಇದ್ದಲ್ಲಿ ಕೆಂಪು ಚುಕ್ಕೆ. ಚುಕ್ಕೆ ಬಿದ್ದ ಕೊಟ್ಟಿಗೆಯ ದನಗಳನ್ನು ಅಂದೇ ಕೊಂದು ಹೂಳಬೇಕು. ಆರ್ಡರ್ ಅಂದರೆ ಆರ್ಡರ್.

ಇವತ್ತು ಬೆಳಿಗ್ಗೆ ಅಕ್ಕನ ಕೊಟ್ಟಿಗೆಯ ಮೇಲೆ ಚುಕ್ಕೆ ಕೂತಿತ್ತು!

ಅರ್ಧ ಗಂಟೆಯಲ್ಲಿ ತಪ್ಪು ಸಿಕ್ಕಿತು. ಸರ್ವೆಯವರು ಆ ದೊಡ್ಡ ಡೈರಿಯಲ್ಲಿ ಹಸು ನೋಡಿ, ಅಲ್ಲೇ ಫೋನಿನಲ್ಲಿ ವಿವರ ತುಂಬುತ್ತಾರೆ. ಆದರೆ ಅಲ್ಲಿ ಸಿಗ್ನಲ್ ಇಲ್ಲ. ಆರು ಕಿಲೋಮೀಟರ್ ದಾಟಿ, ಅಕ್ಕನ ಮನೆ ಎದುರಿನ ರಸ್ತೆಗೆ ಬಂದು 'ಕಳಿಸು' ಒತ್ತುತ್ತಾರೆ. ಆ್ಯಪ್ ಪಾಪ, ಒತ್ತಿದ ಜಾಗದಲ್ಲೇ ಚುಕ್ಕೆ ಇಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಸಾಹೇಬರಿಗೆ ಫೋನ್ ಮಾಡಿದೆ.

"ಸರ್, ಚುಕ್ಕೆ ತಪ್ಪಾಗಿದೆ."

"ನಕ್ಷೆ ಯಾರ್ದು?"

"ನಂದೇ ಸರ್."

"ನಿನ್ನ ನಕ್ಷೆ ತಪ್ಪು ಅಂತ ನೀನೇ ಹೇಳ್ತೀಯಾ? ಅದೂ ನಿಮ್ಮಕ್ಕನ ವಿಷಯದಲ್ಲಿ? ಪ್ರೂಫ್ ತಾ. ನಮ್ಮ ಪಶು ಡಾಕ್ಟರಮ್ಮ ನಿಮ್ಮಕ್ಕನ ಮನೆ ಹತ್ರಾನೇ ಇರ್ತಾರೆ. ಅವರು ಒಪ್ಪಿದ್ರೆ ನಿಲ್ಸೋಣ."

ಅದಕ್ಕೇ ಡೈರಿಯ ಬೇಲಿ ಹಾರಿದ್ದೆ. ರೋಗದ ಹಸುಗಳ ದವಡೆ ಹಿಡಿದು, ಬಾಯಿ ಅಗಲಿಸಿ, ಫೋಟೋ ತೆಗೆದಿದ್ದೆ.

ಕನ್ನಡಿಯಲ್ಲಿ ಮತ್ತೆ ಜೀಪು! ಎರಡು ಗೋಡೆಗಳ ನಡುವಿನ ಕಿರುದಾರಿಗೆ ಬೈಕ್ ನುಗ್ಗಿಸಿದೆ. ಹಿಂದೆ ತಗಡು ಕಿರುಚಿದ ಸದ್ದು. ಸಿಕ್ಕಿಹಾಕಿಕೊಂಡ! ಅಲ್ಲೇ ಒದ್ದಾಡಲಿ ಎಂದು ತಿರುಗಿಯೂ ನೋಡಲಿಲ್ಲ.

ಅಕ್ಕನ ಮನೆ ಮುಂದೆ ಎರಡು ವ್ಯಾನು. ಬಿಳಿ ಕವಚ ತೊಟ್ಟವರು. ಬಂದೂಕುಗಳು. ಹಿತ್ತಲಲ್ಲಿ ಗುಂಡಿ ತೋಡುವ ಯಂತ್ರ ಆಗಲೇ ಕೆಲಸ ಶುರು ಮಾಡಿತ್ತು. ಅಕ್ಕ ಕೊಟ್ಟಿಗೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು.

"ಅಕ್ಕಾ, ನಾನು! ತೆಗಿ!"

"ನೀನೊಬ್ನೇನಾ?"

"ನಾನೊಬ್ನೇ!"

ತೆಗೆದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳೇ. ನಾನು ಒಳಗೆ ಬಂದದ್ದೇ ಮತ್ತೆ ಚಿಲಕ ಹಾಕಿದಳು.

"ಒಂದಕ್ಕೂ ಏನೂ ಆಗಿಲ್ಲ ಕಣೋ. ಬೆಳಿಗ್ಗೆ ಹೊಟ್ಟೆ ತುಂಬ ತಿಂದಿವೆ."

"ಗೊತ್ತಕ್ಕ. ತೋರಿಸ್ತೀನಿ ಇರು."

ಡಾಕ್ಟರಮ್ಮ ಕಿಟಕಿಯ ಆಚೆ ನಿಂತಿದ್ದರು. ಡೈರಿಯ ಫೋಟೋಗಳನ್ನು ತೋರಿಸಿದೆ. ಆಮೇಲೆ ಅಕ್ಕನ ಒಂದೊಂದೇ ಹಸುವಿನ ಬಾಯಿ ಅಗಲಿಸಿ, ನಾಲಿಗೆ ಎಳೆದು ತೋರಿಸಿದೆ. ಮೊದಲನೆಯದು... ಎರಡನೆಯದು... ಹದಿಮೂರೂ!

"ನೋಡಿ ಡಾಕ್ಟ್ರೇ! ಒಂದಾದ್ರೂ ಹುಣ್ಣಿದ್ಯಾ?"

"ಇಲ್ಲ."

"ಚುಕ್ಕೆ ತಪ್ಪು ತಾನೇ?"

"ತಪ್ಪೇ." ಅವರು ಆಫೀಸಿಗೆ ಹೇಳಲು ಫೋನ್ ತೆಗೆದರು.

ಗೆದ್ದೆ! ಅಕ್ಕ ಹಸುವಿನ ಕೊರಳು ತಬ್ಬಿ ಅತ್ತೇಬಿಟ್ಟಳು.

ಡಾಕ್ಟರಮ್ಮ ನಂಬರ್ ಒತ್ತಲಿಲ್ಲ. ನನ್ನ ತೋಳನ್ನೇ ನೋಡುತ್ತಿದ್ದರು.

"ಆ ಫೋಟೋ... ಯಾವಾಗ ತೆಗೆದಿದ್ದು ಸರ್?"

"ಈಗಷ್ಟೇ. ಹನ್ನೊಂದಕ್ಕೆ."

"ನೀವೇ ಬಾಯಿ ಬಿಡಿಸಿದ್ರಾ?"

"ಮತ್ಯಾರು..."

"ಇದೇ ಕೈಲಿ? ಇದೇ ಬಟ್ಟೇಲಿ?"

ತೋಳು ನೋಡಿಕೊಂಡೆ. ಕೆಸರಿನ ಮೇಲ್ಗಡೆ, ಮೊಣಕೈವರೆಗೆ, ಡೈರಿ ಹಸುಗಳ ಜೊಲ್ಲು ಅಂಟಿತ್ತು.

"ಹೋದ ತಿಂಗಳು ನಮಗೆ ಪಾಠ ಮಾಡಿದ್ದು ನೀವೇ ಅಲ್ವಾ ಸರ್? ರೋಗಕ್ಕೆ ಕಾಲಿಲ್ಲ, ನಮ್ಮ ಕೈಕಾಲಲ್ಲೇ ಊರು ಸುತ್ತುತ್ತೆ ಅಂತ..."

ಹಸುಗಳಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಕಾದು ನೋಡೋಣ ಡಾಕ್ಟ್ರೇ! ನಾಲ್ಕೇ ನಾಲ್ಕು ದಿನ!"

"ಅಷ್ಟರಲ್ಲಿ ಅಕ್ಕಪಕ್ಕಕ್ಕೆಲ್ಲ ಹಬ್ಬುತ್ತೆ ಸರ್. ಸುತ್ತ ಎಷ್ಟು ಕೊಟ್ಟಿಗೆ ಇವೆ ಅಂತ ನಿಮಗೆ ಗೊತ್ತಲ್ಲ."

ಗೊತ್ತಿತ್ತು. ನಲವತ್ತೊಂದು. ನಾನೇ ನಕ್ಷೆಯಲ್ಲಿ ಗುರುತಿಸಿದ್ದೆ.

ರಾಡು ಹಿಡಿದವನಿಗೆ ಕೆಸರು ಎರಚಬಹುದು. ಇಲ್ಲಿ ಯಾರಿಗೆ ಎರಚಲಿ? ಡಾಕ್ಟರಮ್ಮ ಸರಿ. ಆರ್ಡರ್ ಸರಿ. ನಾನು ಏನೂ ಮಾಡುವಂತಿರಲಿಲ್ಲ.

"ಏನಂತೋ? ನಿಲ್ಸ್ತಾರಂತಾ?" ಎಂದಳು ಅಕ್ಕ.

"ಇಲ್ಲಕ್ಕ."

"ಯಾಕೆ? ರೋಗ ಇಲ್ಲ ಅಂದ್ರಲ್ಲ!"

"ಇರ್ಲಿಲ್ಲ... ಈಗ ನಾನು ತಂದೆ."

ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಂದೊಂದು ಹಸುವಿನ ಬೆನ್ನು ಸವರಿ, ಬಾಗಿಲು ತೆರೆದು ಹೊರಗೆ ಬಂದಳು.

ಡೈರಿಗೂ ಆರ್ಡರ್ ಹೊರಟಿತು. ಕೇಳಿ ನನಗೇನೂ ಖುಷಿಯಾಗಲಿಲ್ಲ.

ಜಗಲಿಯ ಮೇಲೆ ಇಬ್ಬರೂ ಕೂತೆವು. ಒಂದೊಂದು ಸದ್ದಿಗೂ ಅಕ್ಕ ಒಂದೊಂದು ಹಸುವನ್ನು ಹೆಸರು ಹಿಡಿದು ಕರೆದಳು. ನಾನು ಕಿವಿ ಮುಚ್ಚಿಕೊಳ್ಳಲಿಲ್ಲ. ಆ ಹಕ್ಕು ನನಗಿರಲಿಲ್ಲ.

ಸದ್ದು ನಿಂತಿತು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ಸ್ನಾನ ಮಾಡ್ಕೊಂಡು ಬಾ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು."

ಇಪ್ಪತ್ತು ವರ್ಷ ಅಪರಾಧಿಗಳನ್ನು ಹಿಡಿದಿದ್ದೇನೆ ಸ್ವಾಮಿ... ಕೊಂದ ಮನೆಯವರೇ ಕರೆದು ಊಟ ಹಾಕಿದ ಅಪರಾಧಿ ನಾನೊಬ್ಬನೇ!